ಗೋವಿನಜೋಳದ ಹಾವು

ಪಾರಿವಾಳಗಳನ್ನು ಬಿಟ್ಟುಬಿಡಬೇಕು ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದ್ದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಆಗ ನಾವಿದ್ದದ್ದು ದೋಹಾ ಊರಿನ ಅಲ್ ಜದೀದಾ ಬಡಾವಣೆಯ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ನಮ್ಮ ಬಾಗಿಲ ಎದುರಿನ ಮೆಟ್ಟಿಲು ಹತ್ತಿದರೆ ತಾರಸಿ. ಅಲ್ಲಿ ನೀರಿನ ಟ್ಯಾಂಕುಗಳ ನಡುವೆ ಹಲಗೆ ಮತ್ತು ಜಾಳಿಗೆಯಿಂದ ಅವರೇ ಕಟ್ಟಿದ ಪಾರಿವಾಳದ ಗೂಡು. ಮಕ್ಕಳಿಲ್ಲದ ಮನೆ ನಮ್ಮದು. ಕೆಲಸದಿಂದ ಬಂದವರು ಚಹಾ ಲೋಟ ಹಿಡಿದುಕೊಂಡು ನೇರವಾಗಿ ಮೇಲೆ ಹೋಗುತ್ತಿದ್ದರು. ಕತ್ತಲಾದ ಮೇಲೆ ಅಂಗಿಗೆ ಪುಕ್ಕ ಅಂಟಿಸಿಕೊಂಡು ಇಳಿದು ಬರುತ್ತಿದ್ದರು.

ತೈಲದ ಟ್ಯಾಂಕುಗಳಿಗೆ ಬಣ್ಣ ಹಚ್ಚಿಸುವ ಗುತ್ತಿಗೆದಾರನೊಬ್ಬನ ಬಳಿ ಅವರು ಫೋರ್‌ಮನ್. ಬಣ್ಣ ಹಚ್ಚುವ ಮೊದಲು ಕಬ್ಬಿಣದ ತುಕ್ಕು ತೆಗೆಯಬೇಕು. ಅದಕ್ಕೆ ದೊಡ್ಡ ಪೈಪಿನಿಂದ ಮರಳನ್ನು ಜೋರಾಗಿ ಊದುತ್ತಾರೆ. ಫೋರ್‌ಮನ್ ಆಗುವ ಮೊದಲು ಎಷ್ಟೋ ವರ್ಷ ಆ ಪೈಪು ಹಿಡಿದವರು ಅವರೇ. ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಿದ್ದರಂತೆ. ಎಲ್ಲರೂ ಹಾಗೇ ಮಾಡುತ್ತಿದ್ದರಂತೆ.

ಮಲಯಾಳಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಶ್ವಾಸಕೋಶದಲ್ಲಿ ಎರಡು ರೋಗ ಸೇರಿಕೊಂಡಿವೆ. ಮರಳಿನಿಂದ ಬಂದದ್ದಕ್ಕೆ ಮದ್ದಿಲ್ಲ. ಹಕ್ಕಿಯ ಪುಕ್ಕದ ಧೂಳು ಮತ್ತು ಹಿಕ್ಕೆಯಿಂದ ಬಂದದ್ದು, ಹಕ್ಕಿಗಳನ್ನು ದೂರ ಮಾಡಿದರೆ ಅಲ್ಲಿಗೆ ನಿಲ್ಲಬಹುದು. ನಿಂತರೂ ಆಗಿದ್ದು ಆಗಿಹೋಗಿದೆ. ನಾಯಿ ಬೇಡ, ಬೆಕ್ಕು ಬೇಡ, ಉಣ್ಣೆಯ ಕಂಬಳಿ ಕೂಡ ಬೇಡ ಅಂದರು. ನನ್ನ ಗಂಡ ಎಲ್ಲಕ್ಕೂ "ಹಾಂ ಜೀ" ಅನ್ನುತ್ತ ಕೂತಿದ್ದರು. ಹೊರಗೆ ಬಂದು ಕಾರಿನ ಬಾಗಿಲು ತೆಗೆಯುವಾಗ, "ಮರಳಿಗೆ ಏನೂ ಮಾಡಾಕ ಆಗೂದಿಲ್ಲಂತ. ಪಾರಿವಾಳಕ್ಕ ಮಾಡಬೇಕಂತ," ಅಂದರು.

ಪಾರಿವಾಳಗಳನ್ನು ದುಖಾನ್ ರಸ್ತೆಯ ಬದಿಯ ಒಂದು ತೋಟದ ಕೆಲಸಗಾರರಿಗೆ ಕೊಟ್ಟೆವು. ಬುಟ್ಟಿಗಳಲ್ಲಿ ತುಂಬಿಸಿ ಪಿಕಪ್‌ನಲ್ಲಿ ಕಳಿಸಿದ್ದಾಯಿತು. ವಾರ ಕಳೆಯುವಷ್ಟರಲ್ಲಿ ಒಂದೊಂದಾಗಿ ಹಿಂದಕ್ಕೆ ಬರತೊಡಗಿದವು. ಅವುಗಳಿಗೆ ಮನೆ ಇದೇ ತಾನೆ. ಗೂಡು ಕಿತ್ತು ಹಾಕಿದ್ದರಿಂದ ಟ್ಯಾಂಕಿನ ಮೇಲೆ, ಆಂಟೆನಾ ಮೇಲೆ ಕೂತು ಗುಟುರು ಹಾಕುತ್ತಿದ್ದವು. ಒಳಗೆ ಹಾಸಿಗೆಯಲ್ಲಿ ಕೂತ ಇವರಿಗೆ ಪ್ರತಿಯೊಂದರ ದನಿಯೂ ಗೊತ್ತು. "ಬಾಗಿಲಾ ತಗೀಬ್ಯಾಡ," ಅನ್ನುತ್ತಿದ್ದರು, ತೆಗೆಯಲು ಹೊರಟವರು ತಾವೇ ಆಗಿದ್ದರೂ. ನಾನು ಮೇಲೆ ಹೋಗಿ ತಾಟಿನ ಮೇಲೆ ಸೌಟಿನಿಂದ ಬಡಿದು ಅವುಗಳನ್ನು ಎಬ್ಬಿಸುತ್ತಿದ್ದೆ. ಕೊನೆಗೆ ತೋಟದವರು ಅವುಗಳ ರೆಕ್ಕೆಯ ಗರಿ ಕತ್ತರಿಸಿದರು. ಆಮೇಲೆ ಯಾವುದೂ ಬರಲಿಲ್ಲ.

ಕಂಪನಿಯವರು ಇವರನ್ನು ಸ್ವಲ್ಪ ದಿನ ಸ್ಟೋರಿನಲ್ಲಿ ಕೂರಿಸಿದರು, ಆಮೇಲೆ ರಜೆ ಕೊಟ್ಟರು. ವೀಸಾ ಮುಂದುವರಿಸುತ್ತೇವೆ, ಚಿಂತೆ ಬೇಡ ಎಂದರು. ಇವರು ಇಡೀ ದಿನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಎದ್ದು ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಮಾತು ಕಡಿಮೆಯಾಯಿತು. ಮಾತಾಡಲು ಉಸಿರು ಬೇಕಲ್ಲ. ನಾನು ಒಂದು ಮೀನಿನ ತೊಟ್ಟಿ ತಂದಿಟ್ಟೆ. ಎರಡು ದಿನ ನೋಡಿದರು. "ಟೀವಿ ಇದ್ದಂಗ ಐತಿ. ಮುಟ್ಟಾಕ ಬರೂದಿಲ್ಲ," ಅಂದರು.

ಹಾವಿನ ಮಾತು ತೆಗೆದವರು ಮೇಷ್ಟ್ರು. ಅವರು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಹಿಂದಿನ ಓಣಿಯಲ್ಲಿ ಒಬ್ಬರೇ ಇರುತ್ತಿದ್ದರು. ಒಂದು ಇಂಡಿಯನ್ ಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹಿಂದೊಮ್ಮೆ ಕ್ಲಾಸಿನಲ್ಲಿ ತೋರಿಸಲು ಪಾರಿವಾಳದ ಮೊಟ್ಟೆ ಕೇಳಿಕೊಂಡು ಬಂದವರು, ಆಮೇಲೆ ಸಂಜೆಗಳಲ್ಲಿ ಬರುವುದನ್ನು ರೂಢಿ ಮಾಡಿಕೊಂಡಿದ್ದರು. ಆ ದಿನ ಇವರು ಮಾತೂ ಆಡದೆ ಕೂತದ್ದನ್ನು ನೋಡಿ, ಏನಾದರೂ ಹೇಳಬೇಕೆಂದು ಹೇಳಿದರೇನೋ: "ರೆಕ್ಕೆ ಇರ್ಬಾರ್ದು, ರೋಮ ಇರ್ಬಾರ್ದು, ಧೂಳು ಮಾಡ್ಬಾರ್ದು, ಮುಟ್ಲಿಕ್ಕೆ ಆಗ್ಬೇಕು. ಹಾಗಾದ್ರೆ ಹಾವೇ ಆಗ್ಬೇಕಷ್ಟೆ ಮಾರಾಯ್ರೇ. ನನ್ನ ಹತ್ರ ಉಂಟಲ್ಲ ಎರಡು."

ಹೇಳಿ ಅವರು ನಕ್ಕರು. ನನ್ನ ಗಂಡ ನಗಲಿಲ್ಲ. "ಅದು ಮೈಮ್ಯಾಲ ಬರ್ತೈತೇನ್ರಿ?" ಎಂದು ಕೇಳಿದರು.

ಮೇಷ್ಟ್ರು ಹೋದ ಮೇಲೆ ನಾನು ಬೇಡವೆಂದೆ. ನನಗೆ ಹಾವೆಂದರೆ ಹೆದರಿಕೆ ಮಾತ್ರವಲ್ಲ, ಬೇರೆಯದೂ ಇತ್ತು. ನಮಗೆ ಮಕ್ಕಳಾಗದಿದ್ದದ್ದಕ್ಕೆ ಗಂಡನ ಮನೆಯ ಹಿರಿಯರು ನಾಗದೋಷ ಎಂದಿದ್ದರು. ಹಿಂದಿನವರು ಯಾರೋ ಬಾವಿ ತೋಡುವಾಗ ಹಾವು ಕೊಂದಿದ್ದರಂತೆ. ರಜೆಗೆ ಊರಿಗೆ ಹೋದಾಗಲೆಲ್ಲ ನಾನು ಒದ್ದೆ ಸೀರೆಯಲ್ಲಿ ನಾಗರಕಲ್ಲು ಸುತ್ತಿದ್ದೇನೆ, ಹಾಲೆರೆದಿದ್ದೇನೆ. ಅದನ್ನೇ ಇವರಿಗೆ ನೆನಪಿಸಿದೆ.

"ಕಲ್ಲಿನ ಹಾವಿಗೆ ಹಾಲ ಹಾಕಿ ಹಾಕಿ ನನ್ನ ಕೈ ಸೋತಾವು. ಈಗ ಖರೇ ಹಾವು ತರ್ತೀರೇನು?"

ಅವರು ಉಸಿರು ಕೂಡಿಸಿಕೊಂಡು ಹೇಳಿದರು. "ಕಲ್ಲಿಗೆ ನಾವು ಬೇಡಿಕೊಂಡಿದ್ವಿ, ಅದು ಕೊಡಲಿಲ್ಲ. ಇದಕ್ಕ ನಾವು ಏನೂ ಬೇಡೂದಿಲ್ಲ."

ಮರುದಿನ ಮೇಷ್ಟ್ರಿಗೆ ನಾನೇ ಫೋನು ಮಾಡಿದೆ.

ಅವರು ಬಂದು ಮೊದಲು ನೋಡಿದ್ದು ನಮ್ಮ ಮನೆಯನ್ನು. ಹಾವು ಯಾವುದು ಬೇಕು ಎಂದು ಜನ ಮೊದಲು ಕೇಳುತ್ತಾರೆ, ಅದು ತಪ್ಪು, ಎಂಥ ಹಾವು ಈ ಮನೆಯಲ್ಲಿ ಬದುಕುತ್ತದೆ ಎಂದು ಕೇಳಬೇಕು ಎಂದರು. ಎಸಿಯನ್ನು ಎಷ್ಟು ತಣ್ಣಗೆ ಇಡುತ್ತೀರಿ ಎಂದು ವಿಚಾರಿಸಿದರು. ಇವರಿಗೆ ಉಸಿರಾಡಲು ಕೋಣೆ ಚಳಿ ಹಿಡಿಯುವಷ್ಟು ತಣ್ಣಗಿರಬೇಕಿತ್ತು. ಹೊರಗೆ ಅಷ್ಟು ಕಾವಿರುವ ಊರಿನಲ್ಲಿ ಸಾಕಿದ ಹಾವು ಚಳಿಗೆ ಸಾಯುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

"ಹಾವಿಗೆ ಸ್ವಂತ ಬಿಸಿ ಇಲ್ಲ ಮೇಡಂ. ತಂಪಲ್ಲಿ ತಿಂದದ್ದು ಕರಗುದಿಲ್ಲ, ಹೊಟ್ಟೆಯಲ್ಲೇ ಕೊಳೀತದೆ. ಪೆಟ್ಟಿಗೆಯ ಒಂದು ಬದಿಗೆ ಅಡಿಯಿಂದ ಬಿಸಿ ಕೊಡ್ಬೇಕು, ಇನ್ನೊಂದು ಬದಿ ತಂಪು. ಅದಕ್ಕೆ ಬೇಕಾದಲ್ಲಿ ಅದು ಹೋಗಿ ಮಲಗ್ತದೆ."

ಆಮೇಲೆ ಅಡಿಗೆಮನೆಗೆ ಹೋಗಿ ಫ್ರಿಜ್ಜಿನ ಫ್ರೀಜರ್ ತೆಗೆದು ನೋಡಿದರು. ತುರಿದ ಕೊಬ್ಬರಿ, ಕರಿಬೇವು, ಹಸಿ ಬಟಾಣಿ ಇದ್ದವು.

"ಇಲ್ಲಿ ಇಲಿ ಇಡ್ಬೇಕಾಗ್ತದೆ," ಎಂದರು ಮೆಲ್ಲಗೆ. "ಸತ್ತದ್ದು. ಜೀವ ಇರುವುದನ್ನು ಹಾಕ್ಲೇಬಾರ್ದು, ಅದು ಹಾವನ್ನೇ ಕಚ್ತದೆ."

ನಾವು ಲಿಂಗಾಯತರು. ನಮ್ಮ ಮನೆಯೊಳಗೆ ಅಲ್ಲಿಯವರೆಗೆ ಮೊಟ್ಟೆಯೂ ಬಂದಿರಲಿಲ್ಲ. ನಾನು ಕೊಬ್ಬರಿಯ ಡಬ್ಬಿ ಹೊರಗೆ ತೆಗೆದಿಟ್ಟೆ. ಅಷ್ಟೇ ಉತ್ತರ.

ಮೇಷ್ಟ್ರು ತಮ್ಮ ಹಾವುಗಳನ್ನೇ ಕೊಡುತ್ತೇನೆಂದು ತಕ್ಷಣ ಹೇಳಲಿಲ್ಲ. ಶುಕ್ರವಾರ ಸೂಕಿನಲ್ಲಿ, ಅಲ್ಲಿಯ ಸಂತೆಯಲ್ಲಿ, ಪ್ರಾಣಿಗಳನ್ನು ಮಾರುತ್ತಾರೆ, ಮೊದಲು ಅಲ್ಲಿ ನೋಡೋಣ ಎಂದರು. ನನ್ನ ಗಂಡ ಎಷ್ಟೋ ದಿನದ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಆದರೆ ಸೂಕಿನ ಆ ಓಣಿಯ ಎರಡೂ ಬದಿಗೆ ಪಂಜರಗಳು: ಕೋಳಿ, ಗಿಳಿ, ಪಾರಿವಾಳ. ಗಾಳಿಯಲ್ಲಿ ತುಪ್ಪಳ ತೇಲುತ್ತಿತ್ತು. ಓಣಿಯ ಬಾಯಲ್ಲೇ ಅವರಿಗೆ ಕೆಮ್ಮು ಹತ್ತಿತು. ಮುಂದೆ ಹೋಗುವಂತಿರಲಿಲ್ಲ. "ನೀ ಹೋಗಿ ನೋಡ್ಕೊಂಡು ಬಾ. ಬಂದು ನನಗ ಹೇಳು," ಎಂದು ಕಾರಿನಲ್ಲಿ ಕೂತರು.

ಹೀಗಾಗಿ ಹಾವು ನೋಡಬೇಕಾದವಳು ನಾನಾದೆ. ಓಣಿಯ ಕೊನೆಯಲ್ಲಿ ಒಬ್ಬ ಸ್ಟೂಲಿನ ಮೇಲೆ ಕೂತಿದ್ದ. ಅವನ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಮರಿ ಹೆಬ್ಬಾವು, ಪಕ್ಕದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಮರಳು. ಹೆಬ್ಬಾವು ನನ್ನ ಕೈಯಷ್ಟೇ ಉದ್ದ, ಮೈಮೇಲೆ ಕಂದು ಹಳದಿ ಚಿತ್ತಾರ, ನೋಡಲು ಬಲು ಚಂದ. ಇದೇ ಇರಲಿ ಎಂದು ನನ್ನ ಬಾಯಿಗೆ ಬಂದಿತ್ತು.

"ಇದು ಬೇಡ," ಎಂದರು ಮೇಷ್ಟ್ರು. "ಹೊಸಬರು ತಕೊಳ್ಳುವುದು ಇದನ್ನೇ, ಮೂರು ವರ್ಷದಲ್ಲಿ ಬಿಡುವುದೂ ಇದನ್ನೇ. ನಿಮಗಿಂತ ಉದ್ದ ಆಗ್ತದೆ. ಎತ್ತುವವರು ಯಾರು?"

ಬೇಸಿನ್ನಿನ ಮರಳಲ್ಲಿ ಏನೂ ಕಾಣಲಿಲ್ಲ. ಮಾರುವವನು ಬೆರಳಿನಿಂದ ಕೆದಕಿದಾಗ ಕುಳ್ಳಗಿನ ಒಂದು ಹಾವು ಮೇಲೆ ಬಂದು ಮತ್ತೆ ಮುಳುಗಿತು. ಅದರ ಕಣ್ಣು ತಲೆಯ ನೆತ್ತಿಯ ಮೇಲಿದ್ದವು. ಅದು ಮರುಭೂಮಿಯದೇ ಮರಳುಹಾವು, ವಿಷವಿಲ್ಲ ಎಂದು ಮೇಷ್ಟ್ರು ಗುರುತು ಹಿಡಿದರು. "ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್," ತೊಂದರೆಯೇ ಇಲ್ಲ ಎನ್ನುತ್ತ ಮಾರುವವನು ಅದನ್ನು ನನ್ನ ಕಡೆ ಹಿಡಿದ. ಅದರ ಹೊಟ್ಟೆಯ ಹುರುಪೆಗಳ ನಡುವೆ ಉಣ್ಣಿಹುಳುಗಳು ಕಚ್ಚಿಕೊಂಡಿದ್ದವು.

"ಹೊರಗಿಂದ ಹಿಡಿದು ತಂದದ್ದನ್ನು ಮೊದಲ ಹಾವಾಗಿ ಯಾವತ್ತೂ ತಕೊಳ್ಬಾರ್ದು," ಎಂದರು ಮೇಷ್ಟ್ರು ಹಿಂದಿರುಗುತ್ತ. "ಅದು ತಿನ್ನುದಿಲ್ಲ. ಕಾದು ಕಾದು ಸಾಯ್ತದೆ."

ಕಾರಿಗೆ ಬಂದು ನಾನು ಎಲ್ಲವನ್ನೂ ಹೇಳಿದೆ. ಹೆಬ್ಬಾವಿನ ಚಿತ್ತಾರ ಹೇಗಿತ್ತು, ಮರಳಿನ ಹಾವಿನ ಕಣ್ಣು ಎಲ್ಲಿದ್ದವು, ಎಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. "ಮರಳಾಗ ಇರೂದು ಬ್ಯಾಡ. ಮರಳು ಸಾಕು," ಎಂದರು.

ಆಗ ಮೇಷ್ಟ್ರು ಕಾರು ಶುರು ಮಾಡುತ್ತ, "ನಮ್ಮಲ್ಲಿಗೇ ಹೋಗುವ," ಎಂದರು.

ಅವರ ಮನೆ ಎರಡು ಕೋಣೆಯದು. ಒಂದರಲ್ಲಿ ಮಂಚ ಮತ್ತು ಮೇರಿಮಾತೆಯ ಪಟ, ಇನ್ನೊಂದರಲ್ಲಿ ಗೋಡೆಗೆ ಒತ್ತಿ ಎರಡು ಗಾಜಿನ ತೊಟ್ಟಿ. ದೇಶ ಬಿಟ್ಟು ಹೋದ ಒಬ್ಬ ಅಮೆರಿಕದವನು ಕೊಟ್ಟು ಹೋದ ಹಾವುಗಳಂತೆ. ಒಂದೇ ಜಾತಿಯವು. ಕೇಸರಿ ಬಣ್ಣದ ಮೈ, ಮೇಲೆ ಇಟ್ಟಿಗೆ ಕೆಂಪಿನ ಮಚ್ಚೆ. ಮೇಷ್ಟ್ರು ಒಂದನ್ನು ತೆಗೆದು ಮಗುಚಿ ಹೊಟ್ಟೆ ತೋರಿಸಿದರು. ಬಿಳಿ ಕಪ್ಪು ಚೌಕುಳಿ, ಬಣ್ಣದ ತೆನೆಯ ಕಾಳು ಸಾಲಾಗಿ ಕೂಡಿಸಿದ ಹಾಗೆ.

"ಕಾರ್ನ್ ಸ್ನೇಕ್ ಅಂತಾರೆ ಇದಕ್ಕೆ."

"ಗೋವಿನಜೋಳ," ಎಂದರು ನನ್ನ ಗಂಡ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಹಾಗೇ ಅನ್ನುವುದು. ಆ ಪದ ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

ಒಂದು ಮರಿ, ಹಿಂದಿನ ವರ್ಷ ಹುಟ್ಟಿದ್ದು, ಪೆನ್ಸಿಲಿಗಿಂತ ತುಸು ದಪ್ಪ. ಕೈಗೆ ತೆಗೆದುಕೊಂಡರೆ ನೀರಿನ ಹಾಗೆ ಬೆರಳ ಸಂದಿಯಿಂದ ಜಾರಿ ಓಡುತ್ತಿತ್ತು. ಇನ್ನೊಂದು ಮುದಿ ಹೆಣ್ಣು. ನನ್ನ ಭುಜದಷ್ಟು ಎತ್ತರ ನಿಲ್ಲಿಸಬಹುದಾದ ಉದ್ದ, ಬಣ್ಣ ಮಾಸಿತ್ತು, ಬಾಲದ ತುದಿ ಯಾವಾಗಲೋ ತುಂಡಾಗಿತ್ತು. ಮೇಷ್ಟ್ರು ಅದನ್ನು ಇವರ ಮಡಿಲಲ್ಲಿ ಇಟ್ಟರು. ಅದು ಸ್ವಲ್ಪ ಹೊತ್ತು ನಾಲಗೆ ಆಡಿಸಿತು. ಆಮೇಲೆ ಅವಸರವಿಲ್ಲದೆ ಅಂಗಿಯ ಗುಂಡಿಗಳ ಮೇಲಿಂದ ಏರಿ, ಕೊರಳ ಹಿಂದೆ ಸುತ್ತಿ, ಎಡಭುಜದ ಮೇಲೆ ತಲೆಯಿಟ್ಟು ನಿಂತಿತು. ಇವರು ಉಸಿರು ಬಿಗಿಹಿಡಿದದ್ದು ನನಗೆ ಕಂಡಿತು. ಮತ್ತೆ ಬಿಟ್ಟರು. ಕೆಮ್ಮು ಬರಲಿಲ್ಲ.

"ಕಲಿಯುವವರಿಗೆ ಎರಡೂ ಆಗ್ತದೆ," ಎಂದರು ಮೇಷ್ಟ್ರು. "ಎರಡೂ ಸಾಧು, ಸತ್ತ ಇಲಿ ತಿಂತಾವೆ. ಮರಿಗೆ ಹೆಚ್ಚು ಜಾಗ್ರತೆ ಬೇಕು. ದೊಡ್ಡದಕ್ಕೆ ಕೈ ಅಭ್ಯಾಸ ಉಂಟು, ಇನ್ನು ಬೆಳೆಯುದಿಲ್ಲ."

"ಸಣ್ಣದು ಇರ್ಲಿ," ಎಂದೆ ನಾನು.

"ಯಾಕ?" ಕೇಳಿದವರು ನನ್ನ ಗಂಡ.

"ಇನ್ನೂ ಭಾಳ ವರ್ಷ ಇರ್ತೈತಿ."

"ಅದಕ್ಕ ಬ್ಯಾಡ." ಅವರು ಮೇಷ್ಟ್ರ ಕಡೆ ತಿರುಗಿದರು. "ದೊಡ್ಡದರ ವಯಸ್ಸೆಷ್ಟ್ರಿ?"

"ಹದಿನಾಲ್ಕು ಅಂತ ಅವ ಹೇಳಿದ್ದ."

"ಇನ್ನೆಷ್ಟ ದಿನ ಬಾಳತೈತಿ?"

"ಹೇಳ್ಲಿಕ್ಕೆ ಆಗುದಿಲ್ಲ. ಒಂದು ವರ್ಷ, ಎರಡು ವರ್ಷ. ನಾಳೆ ಹೋದ್ರೂ ಹೋಯ್ತು."

"ಹಂಗಾರ ಇದ ಇರ್ಲಿ."

ನನಗೆ ಸಿಟ್ಟು ಬಂತು. ಬೇರೆಯವರ ಮನೆ ಎನ್ನುವುದನ್ನೂ ಮರೆತೆ. "ಇದೆಂಥಾ ಮಾತ್ರಿ. ಸಾಯೂದನ್ನ ನೋಡಿ ಆರಿಸಿ ಯಾರರ ಮನೀಗೆ ತರ್ತಾರೇನು?"

ಅವರು ಕೊರಳ ಮೇಲಿನ ಹಾವನ್ನು ಮುಟ್ಟುತ್ತಲೇ ಹೇಳಿದರು. "ನಾ ಹೋದ ಮ್ಯಾಲ ನಿನ್ನ ವೀಸಾನೂ ಹೋಗ್ತೈತಿ. ಇಪ್ಪತ್ತ ವರ್ಷ ಬದುಕೂ ಹಾವ ಹಿಡ್ಕೊಂಡು ವಿಮಾನ ಹತ್ತತಿ ಏನು?"

ಡಾಕ್ಟರು ಹೇಳದಿದ್ದನ್ನು, ನಾವಿಬ್ಬರೂ ಮನೆಯಲ್ಲಿ ಎಂದೂ ಬಾಯಿ ಬಿಟ್ಟು ಆಡದಿದ್ದನ್ನು ಅವರು ಹೀಗೆ ಮೂರನೆಯವರ ಎದುರಿಗೆ ಆಡಿಬಿಟ್ಟರು. ಮೇಷ್ಟ್ರು ಚಹಾ ಮಾಡುತ್ತೇನೆಂದು ಎದ್ದು ಹೋದರು. ಚಹಾ ಆಗಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅವರು ಒಳಗೇ ಇದ್ದರು. ನಾನು ಮರಿಯ ತೊಟ್ಟಿಯನ್ನೇ ನೋಡುತ್ತ ಕೂತಿದ್ದೆ. ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಾಡುತ್ತಲೇ ಇತ್ತು.

ಮುದಿ ಹಾವು ನಮ್ಮ ಮನೆಗೆ ಬಂತು. ಮೀನಿನ ತೊಟ್ಟಿ ಖಾಲಿ ಮಾಡಿ, ಅಡಿಯಲ್ಲಿ ಪೇಪರ್ ಹಾಸಿ, ಒಂದು ಬದಿಗೆ ಕರೆಂಟಿನ ಬಿಸಿ ಹಲಗೆ, ಒಂದು ಬದಿಗೆ ನೀರಿನ ಬಟ್ಟಲು, ಅಡಗಿಕೊಳ್ಳಲು ಕವುಚಿದ ಮಣ್ಣಿನ ಕುಂಡ ಇಟ್ಟೆವು. ಮುಚ್ಚಳಕ್ಕೆ ಎರಡು ಕೊಕ್ಕೆ ಹಾಕಿಸಿದ ಮೇಷ್ಟ್ರು, ತೆಗೆದವರು ಮುಚ್ಚಿ ಕೊಕ್ಕೆ ಹಾಕಿ ಒಮ್ಮೆ ಎಳೆದು ನೋಡಬೇಕೆಂದು ಮತ್ತೆ ಮತ್ತೆ ಹೇಳಿದರು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ತಿಂದ ಮೇಲೆ ಎರಡು ದಿನ ಎತ್ತಬಾರದು. ಡಾಕ್ಟರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿದರು. ಕೈ ತೊಳೆಯಿರಿ, ಬೇರೇನೂ ಇಲ್ಲ ಎಂದರು.

ಮೊದಲ ಸಲ ಹಾವಿಗೆ ಊಟ ಕೊಟ್ಟವರು ನನ್ನ ಗಂಡನೇ. ಫ್ರೀಜರಿನಿಂದ ತೆಗೆದ ಇಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೆದು ಮಾಡಿ, ಇಕ್ಕಳದಲ್ಲಿ ಬಾಲ ಹಿಡಿದು ಹಾವಿನ ಮುಂದೆ ಆಡಿಸಿದರು. ನಾನು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದೆ. "ತಗೊಂತು," ಎಂದರು. ಅವರ ದನಿ ಬದಲಾಗಿತ್ತು. ಆ ಇಕ್ಕಳ, ಆ ಪಾತ್ರೆ ಬೇರೆ. ಅವುಗಳಿಗೆ ಬಾಲ್ಕನಿಯಲ್ಲಿ ಜಾಗ. ಆದರೂ ನಾನು ಆಮೇಲೆ ಫ್ರಿಜ್ಜಿನಲ್ಲಿ ಅಡಿಗೆಯ ಸಾಮಾನು ಇಡುವುದನ್ನೇ ಬಿಟ್ಟೆ. ದಿನದ ತರಕಾರಿ ದಿನಾ ತರುತ್ತಿದ್ದೆ.

ಅವರ ಎದೆಗೆ ತಂಪು ಬೇಕು, ಹಾವಿಗೆ ಬಿಸಿ ಬೇಕು. ಮಧ್ಯಾಹ್ನ ಅವರು ಹಾವನ್ನು ಹೊರಗೆ ತೆಗೆದು ಹೊಟ್ಟೆಯ ಮೇಲೆ ಬಿಟ್ಟುಕೊಂಡು, ಅದಕ್ಕೆ ಚಳಿಯಾದೀತೆಂದು ಮೇಲೆ ಹತ್ತಿಯ ದುಪ್ಪಟಿ ಹೊದೆಯುತ್ತಿದ್ದರು. ದುಪ್ಪಟಿಯ ಕೆಳಗೆ ಅದು ಅವರ ಮೈಯ ಬಿಸಿಗೆ ಒತ್ತಿಕೊಂಡು ಬಿದ್ದಿರುತ್ತಿತ್ತು. ಇಬ್ಬರೂ ಹಾಗೇ ಸಂಜೆಯ ಬಾಂಗಿನವರೆಗೆ. "ಇದಕ್ಕ ನಾನು ಗೊತ್ತಿಲ್ಲ. ಬೆಚ್ಚಗ ಐತಿ ಅಂತ ಕೂತೈತಿ, ಅಷ್ಟ," ಎಂದರು ಒಮ್ಮೆ. ಅದನ್ನು ಬೇಸರದಿಂದ ಹೇಳಲಿಲ್ಲ. ನೋಡಬಂದವರೆಲ್ಲ ಅವರ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದ ದಿನಗಳು ಅವು. ಹುಡುಕದ ಒಂದು ಜೀವ ಮನೆಯಲ್ಲಿತ್ತು.

ಪಕ್ಕದ ಮನೆಯ ಬ್ಯಾರಿ ಹೆಂಗಸು ಮಾತ್ರ ಹಾವಿರುವ ಸಂಗತಿ ತಿಳಿದೂ ಬರುವುದನ್ನು ಬಿಡಲಿಲ್ಲ. ಅವರ ಕುಟುಂಬ ಅಲ್ಲಿ ನೆಲೆಸಿ ತುಂಬ ಕಾಲವಾಗಿತ್ತು. ಉಳಿದ ಕನ್ನಡದವರು ಒಬ್ಬೊಬ್ಬರಾಗಿ ಫೋನಿನಲ್ಲೇ ವಿಚಾರಿಸತೊಡಗಿದರು. ಕರಾವಳಿಯ ಒಬ್ಬರು, ನಾಗನನ್ನು ಪೆಟ್ಟಿಗೆಯಲ್ಲಿ ಇಟ್ಟವರ ಮನೆಯಲ್ಲಿ ನಾನು ನೀರು ಕುಡಿಯಲಾರೆ ಎಂದರು.

ಚಳಿಗಾಲ ಬಂದಾಗ ನನ್ನ ಗಂಡನ ಬೆರಳುಗಳಲ್ಲಿ ಶಕ್ತಿ ಉಳಿದಿರಲಿಲ್ಲ. ಮುಚ್ಚಳದ ಕೊಕ್ಕೆ ಬಿಚ್ಚಲು ಆಗುತ್ತಿರಲಿಲ್ಲ. ನಾನು ಬಿಚ್ಚಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹಾವನ್ನು ಎತ್ತಿ ಅವರ ಮೇಲೆ ಇಡುತ್ತಿದ್ದೆ. ಇಲಿ ಕೊಡುವುದೂ ನನ್ನ ಪಾಲಿಗೆ ಬಂತು. ಕೊಟ್ಟು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಆಮೇಲೆ ಒಲೆ ಹಚ್ಚುತ್ತಿದ್ದೆ. ಒಮ್ಮೆ ಅದು ಪೊರೆ ಬಿಟ್ಟಾಗ ಇವರು ಆ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿಸಿ ನೋಡಿದರು. "ಕಣ್ಣಿನ ಮ್ಯಾಲಿಂದೂ ಬಂದೈತಿ ನೋಡು," ಎಂದರು. ನಿಜ, ಎರಡು ಸಣ್ಣ ಗಾಜಿನ ಬಿಲ್ಲೆಗಳ ಹಾಗೆ ಇದ್ದವು.

ಅವರನ್ನು ಆಸ್ಪತ್ರೆಗೆ ಒಯ್ದದ್ದು ಒಂದು ಬೆಳಿಗ್ಗೆ. ಹಾವು ಅವರ ಎದೆಯ ಮೇಲಿತ್ತು. ಇದ್ದಕ್ಕಿದ್ದಂತೆ ಉಸಿರು ಸಿಗದೆ ತುಟಿ ನೀಲಿಯಾಯಿತು. ನಾನು ದುಪ್ಪಟಿಯಿಂದ ಹಿಡಿದು ಹಾವನ್ನು ಎತ್ತಿ ತೊಟ್ಟಿಯೊಳಗೆ ಹಾಕಿ, ಬ್ಯಾರಿ ಹೆಂಗಸಿನ ಬಾಗಿಲು ಬಡಿದೆ. ಅವರ ಗಂಡ ಆಂಬುಲೆನ್ಸಿಗೆ ಫೋನು ಮಾಡಿದರು. ಸ್ಟ್ರೆಚರಿನವರು ಬಂದು ಕುರ್ಚಿ, ಮೇಜು ಎಲ್ಲ ಸರಿಸಿದರು. ನಾನೂ ಅವರ ಜೊತೆ ಹೋದೆ.

ಸಂಜೆ ಬಟ್ಟೆ ತರಲು ಮನೆಗೆ ಬಂದಾಗ ತೊಟ್ಟಿಯ ಮುಚ್ಚಳ ಓರೆಯಾಗಿತ್ತು. ಕುಂಡ ಎತ್ತಿದೆ. ಹಾವು ಇರಲಿಲ್ಲ.

ಮಂಚದ ಕೆಳಗೆ, ಕಪಾಟಿನ ಹಿಂದೆ, ಬಟ್ಟೆಯ ಬುಟ್ಟಿಯಲ್ಲಿ ನೋಡಿದೆ. ಮೇಷ್ಟ್ರೂ ಬಂದು ಹುಡುಕಿದರು. ಬಾಗಿಲ ಸಂದಿಗೆ ಟವೆಲ್ ತುರುಕಿ, "ಮನೆಯಲ್ಲೇ ಉಂಟು, ಎಲ್ಲಿಯೂ ಹೋಗುದಿಲ್ಲ," ಎಂದರು. ನಾನು ಆಸ್ಪತ್ರೆಗೆ ಹಿಂದಿರುಗಿದೆ. ಮರುದಿನ ಮೂಗಿನ ನಳಿಗೆಯ ಸದ್ದಿನ ನಡುವೆ ಅವರು ಏನೋ ಕೇಳಿದರು. ನಾನು ಕಿವಿ ಹತ್ತಿರ ಒಯ್ದೆ.

"ಹಾವು?"

"ಆರಾಮ ಐತಿ," ಎಂದೆ. "ಬೆಚ್ಚಗ ಮಲಗೈತಿ."

ಅವರು ತಲೆಯಾಡಿಸಿದರು. ಆಮೇಲೆ ಅವರು ನೀರು ಕೇಳಿದರು, ನರ್ಸನ್ನು ಕರೆ ಎಂದರು. ಬೇರೆ ಮಾತೇನೂ ಆಗಲಿಲ್ಲ. ಮೂರನೆಯ ದಿನ ತೀರಿಕೊಂಡರು.

ಮನೆಗೆ ಹೆಂಗಸರು ಬಂದರು. ಫೋನಿನಲ್ಲಿ ಮಾತ್ರ ವಿಚಾರಿಸುತ್ತಿದ್ದವರೂ ಬಂದರು. ಚಾಪೆ ಹಾಸಿ ಗೋಡೆಗೆ ಒರಗಿ ಕೂತರು. ತೊಟ್ಟಿಯ ಮೇಲೆ ಯಾರೋ ಒಂದು ಚಾದರ ಹೊದಿಸಿದ್ದರು. ಅದರೊಳಗೆ ಹಾವಿದೆ ಎಂದೇ ಎಲ್ಲರೂ ತಿಳಿದಿದ್ದರು. ಆ ಬದಿಯ ಗೋಡೆಗೆ ಯಾರೂ ಕೂತಿರಲಿಲ್ಲ. ಅಲ್ಲಿ ಕೂತವರಲ್ಲಿ ಇಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಒಬ್ಬರು ನನ್ನ ಕೈ ಹಿಡಿದು ಅಳುತ್ತಿದ್ದರು. ನಾನು ಅವರ ಬೆನ್ನ ಹಿಂದಿನ ನೆಲವನ್ನು ನೋಡುತ್ತಿದ್ದೆ. ಪರದೆಯ ಅಂಚು ಅಲುಗಿದರೆ ಬಗ್ಗಿ ಅದರ ಕೆಳಗೆ ನೋಡುತ್ತಿದ್ದೆ. ಅಳು ಬರಲೇ ಇಲ್ಲ. ನನ್ನ ಕಣ್ಣು ಹೀಗೆ ನೆಲದಲ್ಲಿ ನೆಟ್ಟದ್ದನ್ನು ನೋಡಿ, "ಪಾಪ, ದಿಕ್ಕು ತಪ್ಪಿದ ಹಾಗೆ ಆಗಿದ್ದಾರೆ," ಎಂದು ಅವರವರಲ್ಲೇ ಮಾತಾಡಿಕೊಂಡರು.

ಮಧ್ಯಾಹ್ನ ಎಲ್ಲರೂ ಊಟಕ್ಕೆಂದು ಎದ್ದು ಹೋದ ಮೇಲೆ ಬ್ಯಾರಿ ಹೆಂಗಸು ನನಗೆ ಚಹಾ ಮಾಡಲು ಅಡಿಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತರು.

"ಬನ್ನಿ ಇಲ್ಲಿ," ಎಂದರು. "ನಿಮ್ಮದು ಫ್ರಿಜ್ಜಿನ ಹಿಂದೆ ಉಂಟು."

ಅವರ ದನಿ ಕೂಡ ಏರಲಿಲ್ಲ. ನಾವಿಬ್ಬರೂ ಸೇರಿ ಫ್ರಿಜ್ಜನ್ನು ಮುಂದಕ್ಕೆ ಎಳೆದೆವು. ಹಿಂದೆ ಕೆಳಗಡೆ, ಬಿಸಿಯಾಗಿ ಗುಂಯ್‌ಗುಡುವ ಮೋಟಾರಿನ ಸುತ್ತ ಅದು ಧೂಳು ಮೆತ್ತಿಕೊಂಡು ಸುರುಳಿಯಾಗಿ ಬಿದ್ದಿತ್ತು. ನಾನು ನೆಲದ ಮೇಲೆ ಕೂತು ಕೈ ಹಾಕಿದೆ. ಚೀಲ ಸುತ್ತಿಕೊಳ್ಳಲು ನೆನಪಾಗಲಿಲ್ಲ. ಬರಿಗೈಯಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು. ಒಣಗಿತ್ತು, ಬೆಚ್ಚಗಿತ್ತು. ಅದು ನನ್ನ ತೋಳಿನ ಮೇಲೆ ಏರಿ, ಸೀರೆಯ ಸೆರಗಿನೊಳಗೆ ತಲೆ ಹಾಕಿ, ಕೊರಳ ಹಿಂದಿನ ಬಿಸಿಗೆ ಬಂದು ನಿಂತಿತು. ಆಗ ನನಗೆ ಅಳು ಬಂತು. ಬ್ಯಾರಿ ಹೆಂಗಸು ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು, "ಅಳಿ, ಅಳಿ. ನಾನು ಬಾಗಿಲು ಹಾಕಿದ್ದೇನೆ," ಎಂದರು.

ದೇಹವನ್ನು ಊರಿಗೆ ಕಳಿಸುವ ಕೆಲಸ ಕಂಪನಿಯವರು ಮಾಡಿಕೊಟ್ಟರು. ಅದೇ ವಿಮಾನದಲ್ಲಿ ನನಗೂ ಟಿಕೆಟ್ಟು. ಹೊರಡುವ ಹಿಂದಿನ ದಿನ ಮೇಷ್ಟ್ರು ಬಂದು ಹಾವನ್ನು ತಲೆದಿಂಬಿನ ಚೀಲದಲ್ಲಿ ಹಾಕಿಕೊಂಡು ಹೋದರು. ಬಿಸಿ ಹಲಗೆ, ಇಕ್ಕಳ, ಫ್ರೀಜರಿನಲ್ಲಿದ್ದ ಡಬ್ಬಿಯನ್ನೂ ಒಯ್ದರು. ಹೋಗುವಾಗ ಅವರು, "ಅದು ತಿಂದು ಎಷ್ಟು ದಿನ ಆಯ್ತು?" ಎಂದು ಕೇಳಿದರು. ನಾನು ಹೇಳಿದೆ.

ಊರಿನಲ್ಲಿ, ಗದಗಿನ ಮಣ್ಣಿನಲ್ಲಿ, ನನ್ನ ಗಂಡನನ್ನು ಕೂರಿಸಿ ಮಣ್ಣು ಕೊಟ್ಟೆವು. ಕೊನೆಗಾಲದಲ್ಲಿ ಏನು ಮಾಡುತ್ತಿದ್ದರು ಎಂದು ಎಲ್ಲರೂ ಕೇಳಿದರು. ಮೈದುನನ ಹೆಂಡತಿ, ನನ್ನ ನೆಗೆಣ್ಣಿಗೆ ಮಾತ್ರ ಹಾವಿನ ಮಾತು ಹೇಳಿದೆ. ಅವಳು ಅದನ್ನು ಅತ್ತೆಗೆ ಹೇಳಿದಳು. ಅತ್ತೆ ಮಗನಿಗೆ ಬುದ್ಧಿಭ್ರಮಣೆ ಆಗಿತ್ತೆಂದು ತಿಳಿದು ಹೊಸದಾಗಿ ಅತ್ತರು. ನನ್ನನ್ನು ಮತ್ತೆ ನಾಗರಕಲ್ಲಿನ ಹತ್ತಿರ ಕರೆದೊಯ್ಯಲು ನೋಡಿದರು. ನಾನು ಹೋಗಲಿಲ್ಲ. ಆಮೇಲೆ ಯಾರ ಮುಂದೆಯೂ ಆ ಮಾತು ತೆಗೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ರಜೆಗೆ ಮಂಗಳೂರಿಗೆ ಬಂದವರು ಫೋನು ಮಾಡಿದರು. ಆರೋಗ್ಯ, ಮಳೆ ಎಲ್ಲ ಕೇಳಿದ ಮೇಲೆ ತಡೆದು ತಡೆದು, "ಅದು ಇನ್ನೂ ಉಂಟು ಮೇಡಂ," ಎಂದರು.

ನನಗೆ ಒಂದು ಕ್ಷಣ ಅದರ ಮೇಲೆ ಕೆಟ್ಟ ಸಿಟ್ಟು ಬಂತು. ನನ್ನ ಗಂಡ ಅದನ್ನು ಯಾಕೆ ಆರಿಸಿದ್ದರೆಂದು ಫೋನಿನ ಆ ತುದಿಯಲ್ಲಿದ್ದ ಮೇಷ್ಟ್ರಿಗೆ ಗೊತ್ತು, ನನಗೆ ಗೊತ್ತು.

"ತಿಂತೈತೇನ್ರಿ?" ಎಂದೆ.

"ಸಣ್ಣ ಇಲಿ ಕೊಡ್ಬೇಕು ಈಗ. ದೊಡ್ಡದು ನುಂಗ್ಲಿಕ್ಕೆ ಆಗುದಿಲ್ಲ."

"ಹಂಗಾರ ಸಣ್ಣದ ಕೊಡ್ರಿ," ಎಂದೆ.

ಫೋನಿಟ್ಟ ಮೇಲೆ ಯಾರದು ಎಂದು ನೆಗೆಣ್ಣಿ ಅಡಿಗೆಮನೆಯಿಂದ ಕೇಳಿದಳು. ದೋಹಾದ ಪರಿಚಯದವರು, ಆರಾಮಿದ್ದಾರಂತೆ ಎಂದು ಹೇಳಿ ನಾನು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯತೊಡಗಿದೆ.